ನಿಂಬೆವ್ವನ ಕಾಯಿದೆ

ನಿಂಬೆವ್ವ ನಮ್ಮ ದಫ್ತರದ ಮೆಟ್ಟಿಲು ಹತ್ತಿ ಬಂದದ್ದು ಒಂದು ಮಂಗಳವಾರ, ಬೆಳಗಿನ ಹನ್ನೊಂದರ ಸುಮಾರಿಗೆ. ಬಗಲಲ್ಲಿ ದವಾಖಾನೆಯಿಂದ ತಂದ ಬಟ್ಟೆಯ ಗಂಟು ಹಾಗೇ ಇತ್ತು. ಸುಣ್ಣದ ಗೂಡಿನಲ್ಲಿ ದುಡಿಯುವವಳೆಂದು ಅವಳ ಹಿಮ್ಮಡಿ ನೋಡಿದರೇ ತಿಳಿಯುತ್ತಿತ್ತು; ಅಲ್ಲಿನ ಬಿರುಕುಗಳಲ್ಲಿ ಬಿಳಿ ಇನ್ನೂ ಕೂತಿತ್ತು. ಅವಳು ಗಂಟನ್ನು ನೆಲಕ್ಕಿಟ್ಟು, ವೈದ್ಯರಿಗೆ ತೋರಿಸುವ ಹಾಗೆ ಎರಡೂ ಕೈಗಳನ್ನು ನನ್ನ ಮೇಜಿನ ಮೇಲೆ ಚಾಚಿದಳು.

“ಅಕ್ಕಾರ, ಇವು ಏಳವಲ್ವು” ಅಂದಳು.

ನನಗೆ ಅರ್ಥವಾಗಲಿಲ್ಲ. ಕೈ ಎದುರಿಗೇ ಚಾಚಿದ್ದಳಲ್ಲ.

“ಬ್ಯಾರೆ ಎಲ್ಲಾ ಎತ್ತತಾವ್ರಿ. ಕೊಡ ಎತ್ತತಾವ, ಕಲ್ಲ ಎತ್ತತಾವ. ನನ್ನ ಕೂಸಿನ ಮುಂದ ಅಷ್ಟ ಏಳವಲ್ವು. ನಿನ್ನೆ ಸಂಜಿಕ ದವಾಖಾನಿಯಿಂದ ಬಂದೆ. ಕೂಸು ನನ್ನ ನೋಡಿ ನಕ್ಕಿತು. ಎತ್ಕೋಬೇಕಂತ ಬಗ್ಗಿದ್ರ ಕೈ ಸತ್ತಂಗಾದ್ವು. ಯಾವ ತೀರ್ಪು ಹಿಡದೈತಿ ನನ್ನ? ನೋಡಿ ಹೇಳ್ರಿ.”

ನಮ್ಮ ಊರಿನಲ್ಲಿ ಪೊಲೀಸರಿರಲಿಲ್ಲ, ಜಪ್ತಿಗೆ ಬರುವ ಬೇಲಿಫರೂ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ನ್ಯಾಯಾಧೀಶರು ಪೀಠದ ಮೇಲೆ ಕೂತು ಈ ಹೊಲ ನಿನ್ನದಲ್ಲ ಅಂದರೆ, ಸೋತವನ ಕಾಲು ಆ ಹೊಲದ ಬದುವಿನಲ್ಲೇ ನಿಂತುಬಿಡುತ್ತಿತ್ತು. ಮದುವೆ ಮುರಿಯಿತು ಅಂದರೆ ಗಂಡನ ನಾಲಿಗೆಗೆ ಹೆಂಡತಿಯ ಹೆಸರು ಹತ್ತುತ್ತಿರಲಿಲ್ಲ. ಒಬ್ಬರ ಮೇಲೆ ಬಿದ್ದ ತೀರ್ಪು ಅಂಥದೇ ಸಂಗತಿಯಲ್ಲಿ ಸಿಕ್ಕ ಎಲ್ಲರ ಮೇಲೂ ಬಿದ್ದಂತೆಯೇ, ಅವರು ಕೋರ್ಟಿನ ಬಾಗಿಲು ನೋಡಿರಲಿ ಬಿಡಲಿ. ಊರು ಬಿಟ್ಟು ಹೋದವರ ಮೈಯಲ್ಲಿ ಅದೂ ಜೊತೆಗೇ ಹೋಗುತ್ತಿತ್ತು. ಹೀಗಾಗಿ ಕೈಯೋ ಕಾಲೋ ಇದ್ದಕ್ಕಿದ್ದಂತೆ ಹಟ ಹಿಡಿದರೆ ಜನ ವೈದ್ಯರ ಹತ್ತಿರ ಹೋಗುವುದಕ್ಕೆ ಮೊದಲು ನಮ್ಮ ದಫ್ತರಕ್ಕೆ ಬರುತ್ತಿದ್ದರು. ಇನ್ನೂರು ವರ್ಷದ ತೀರ್ಪುಗಳು ಅಲ್ಲಿ ಕೆಂಪು ಬಟ್ಟೆಯ ಕಟ್ಟುಗಳಲ್ಲಿದ್ದವು. ಊರಿನ ಸಭೆಯವರು ಮಾಡಿದ ಕಾಯಿದೆಗಳು ಬೇರೊಂದು ಕಪಾಟಿನಲ್ಲಿದ್ದವು. ತೀರ್ಪಿಗಿಂತ ಕಾಯಿದೆ ದೊಡ್ಡದು, ಆದರೆ ಅವು ಕಡಿಮೆ, ಅವು ಏನೂ ಹೇಳದ ಸಂಗತಿಗಳೇ ಹೆಚ್ಚು. ಮೊದಲು ನನ್ನ ತಂದೆ ಆ ಕಟ್ಟುಗಳನ್ನು ಕಾಯುತ್ತಿದ್ದರು. ಅವರ ನಂತರ ನಾನು. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ ಮಾಡಿಕೊಂಡಿದ್ದೆ.

ನಾನು ಅವಳನ್ನು ಕೂರಿಸಿ ಒಂದೊಂದೇ ಕೇಳಿದೆ. ಅವಳ ಗಂಡ ಗೂಡಿನ ಗೋಡೆ ಕುಸಿದು ಸತ್ತಿದ್ದ, ಆಗ ಅವಳಿಗೆ ಏಳು ತಿಂಗಳು. ಹುಟ್ಟಿದ್ದು ಹೆಣ್ಣು ಕೂಸು, ತುಂಗಿ. ಸುಣ್ಣದ ಧೂಳು ಎದೆಗೆ ಇಳಿದು ಅವಳು ರಕ್ತ ಕೆಮ್ಮತೊಡಗಿದಾಗ ಗುಡ್ಡದ ಮೇಲಿನ ದವಾಖಾನೆಯವರು ಸೇರಿಸಿಕೊಂಡರು. ಕೂಸನ್ನು ಒಳಗೆ ಬಿಡುವುದಿಲ್ಲವೆಂದರು. ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಅವಳು ಕೂಸನ್ನು ಪಕ್ಕದ ಮನೆಯ ಸಿದ್ಲಿಂಗವ್ವನ ಮಡಿಲಿಗಿಟ್ಟು ಗುಡ್ಡ ಹತ್ತಿದಳು.

“ಎಷ್ಟು ದಿವಸ ಇದ್ದಿ ಅಲ್ಲಿ?” ಅಂತ ಕೇಳಿದೆ.

“ಇಪ್ಪತ್ತೊಂದ ದಿನಾರಿ.”

ಆಗ ನನಗೆ ಗೊತ್ತಾಯಿತು. ಗೊತ್ತಾದದ್ದು ಮುಖದ ಮೇಲೆ ಕಾಣಬಾರದೆಂದು ಕಪಾಟಿನ ಕಡೆ ತಿರುಗಿ ನಿಂತೆ.

ತೊಂಬತ್ತು ವರ್ಷದ ಹಿಂದೆ ಇಬ್ಬರು ನೆರೆಯವರ ನಡುವೆ ಒಂದು ಆಡಿನ ವ್ಯಾಜ್ಯವಾಗಿತ್ತು. ಒಬ್ಬ ಯಾತ್ರೆಗೆ ಹೋಗುವಾಗ ಆಡನ್ನು ಇನ್ನೊಬ್ಬನಲ್ಲಿ ಬಿಟ್ಟು ಹೋದ. ತಿರುಗಿ ಬರುವುದು ತಡವಾಯಿತು. ಸಾಕಿದವನು ಕೊಡೆನೆಂದ. ಮೊಕದ್ದಮೆ ಮೇಲಿನ ಪೀಠದವರೆಗೂ ಹೋಗಿ, ಮೂವರು ನ್ಯಾಯಾಧೀಶರು ಕೂತು ತೀರ್ಪು ಕೊಟ್ಟರು: ಬಾಯಿರುವ ಜೀವವನ್ನು ಹನ್ನೆರಡು ದಿನ ದಾಟಿ ಯಾರು ಉಣಿಸಿ ಸಾಕುತ್ತಾರೋ ಅದು ಅವರದೇ. ಅಂದಿನಿಂದ ನಮ್ಮ ಊರವರು ದನ ಕರು ಯಾರಲ್ಲಿ ಬಿಟ್ಟರೂ ಹನ್ನೆರಡನೆಯ ದಿನ ಮನೆಗೆ ಹೊಡೆದುಕೊಂಡು ಬಂದು, ಒಂದು ಹೊತ್ತು ಕಟ್ಟಿಹಾಕಿ, ಮರುದಿನ ಮತ್ತೆ ಒಯ್ದು ಬಿಡುತ್ತಿದ್ದರು. ದಾರಿಯಲ್ಲಿ ಹೀಗೆ ಹೋಗಿ ಬರುವ ಎಮ್ಮೆಗಳನ್ನು ಕಂಡರೆ ‘ಹನ್ನೆರಡರ ಎಮ್ಮೆ’ ಎಂದು ನಗುತ್ತಿದ್ದರು. ಅಜ್ಜಿಯ ಮನೆಯಲ್ಲಿ ಬಿಟ್ಟ ಮಕ್ಕಳಿಗೆ ಅದು ತಟ್ಟುತ್ತಿರಲಿಲ್ಲ. ಒಂದೇ ರಕ್ತದವರು ಒಂದೇ ಮನೆಯವರೆಂದು ಬೇರೊಂದು ತೀರ್ಪಿತ್ತು. ರಕ್ತ ಸಂಬಂಧವಿಲ್ಲದವರಲ್ಲಿ ಹಸುಗೂಸನ್ನು ಅಷ್ಟು ದಿನ ಬಿಡುವ ಗತಿ ಆವರೆಗೆ ಯಾವ ತಾಯಿಗೂ ಬಂದಿರಲಿಲ್ಲ.

ಕಟ್ಟು ಬಿಚ್ಚಿ ಓದಿ ಹೇಳಿದೆ. ನಿಂಬೆವ್ವ ಕೊನೆಯವರೆಗೂ ಕೇಳಿದಳು.

“ಅದು ಆಡಿಂದಲ್ರಿ?” ಅಂದಳು.

“ಹೌದು.”

“ನಂದು ಕೂಸರಿ.”

“ಹೌದು ತಂಗಿ.”

“ಹಂಗಾರ ಅದನ್ನ ಸಾಹೇಬರ ಮುಂದ ಹೇಳೂನ್ರಿ. ಅವರಿಗೆ ಗೊತ್ತಿರಾಕಿಲ್ಲ.”

ಹೇಳಿದೆವು. ನ್ಯಾಯಾಧೀಶ ಗುರುಪಾದಯ್ಯನವರು ಒಳ್ಳೆಯ ಮನುಷ್ಯರು. ಅವರಿಗೂ ಮೊಮ್ಮಕ್ಕಳಿದ್ದರು. ವಕೀಲ ಶೇಷಗಿರಿ ತಾನಾಗಿಯೇ ಮುಂದೆ ಬಂದು ನಿಂಬೆವ್ವನ ಪರ ನಿಂತ. ಅವನು ಒಂದು ದಾರಿ ಹುಡುಕಿಕೊಂಡಿದ್ದ. ಹಳೆಯ ತೀರ್ಪಿನಲ್ಲಿ ಎಲ್ಲ ಮಾತೂ ಕಟ್ಟುವುದಿಲ್ಲ. ತಿರುಳು ಕಟ್ಟುತ್ತದೆ, ಪಕ್ಕದ ಮಾತು ಕಟ್ಟುವುದಿಲ್ಲ. ಅಂದು ಪೀಠದ ಮುಂದೆ ಇದ್ದದ್ದು ಒಂದು ಆಡು. ಆಡು ಯಾರದು ಎಂದಷ್ಟೇ ಹೇಳಬೇಕಾಗಿತ್ತು. ‘ಬಾಯಿರುವ ಜೀವ’ ಎಂದದ್ದು ಹೇಳುವ ಭರದಲ್ಲಿ ಬಂದ ಪಕ್ಕದ ಮಾತು, ಆದ್ದರಿಂದ ಕೂಸಿಗೆ ಅದು ತಟ್ಟಬಾರದು. ಅರ್ಧ ಗಂಟೆ ವಾದಿಸಿದ. ಕೋರ್ಟಿನಲ್ಲಿದ್ದವರೆಲ್ಲ ತಲೆಯಾಡಿಸಿದರು. ನಿಂಬೆವ್ವ ತನ್ನ ಕೈಗಳನ್ನೇ ನೋಡುತ್ತ ಕೂತಿದ್ದಳು, ಅವುಗಳಲ್ಲಿ ಏನಾದರೂ ಸಡಿಲಾಗುತ್ತದೆಯೋ ಎಂದು.

ಗುರುಪಾದಯ್ಯನವರು ಆ ಹಾಳೆಯನ್ನು ನನ್ನಿಂದ ಇಸಿದುಕೊಂಡು ತಾವೇ ಮೂರು ಸಲ ಓದಿದರು. ಆಮೇಲೆ ಕನ್ನಡಕ ತೆಗೆದು ಕೆಳಗಿಟ್ಟರು.

“ಶೇಷಗಿರಿಯವರ, ಅಲ್ಲಿ ಬರೇ ಆಡು ಅಂತ ಬರದಿದ್ರ ನಾ ಇವತ್ತ ಬಿಡಸ್ತಿದ್ದೆ. ಆದ್ರ ಅದು ಆಡು ಅನ್ನೂ ಕಾರಣಕ್ಕ ಆತ ಗೆದ್ದಿಲ್ಲ. ಅದಕ್ಕ ಬಾಯಿ ಇತ್ತು, ಹಸಿವಿತ್ತು, ಆತ ಉಣಸಿದಾ, ಅದಕ್ಕ ಗೆದ್ದಾನ. ಆ ಮಾತ ತಗದ್ರ ತೀರ್ಪ ನಿಲ್ಲೂದಿಲ್ಲ. ಅದ ತಿರುಳು.” ಅವರು ನಿಂಬೆವ್ವನ ಕಡೆ ತಿರುಗಿದರು. “ಮೇಲಿನ ಪೀಠದ ಮಾತಿದು ತಾಯಿ. ನಾ ಕೆಳಗ ಕುಂತಾಂವ. ದಾಟಾಕ ಬರೂದಿಲ್ಲ. ಅವರೂ ತಾವು ಆಡಿದ ಮಾತ ತಾವು ದಾಟಾಂಗಿಲ್ಲ.”

ಸಿದ್ಲಿಂಗವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಅವಳು ಕೆಟ್ಟವಳಲ್ಲ. ಅವಳ ಗಂಡ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಮೂರು ಮಕ್ಕಳನ್ನು ಹೆತ್ತು ಮೂರನ್ನೂ ಮಣ್ಣಿಗಿಟ್ಟಿದ್ದಳು. ಹದಿಮೂರನೆಯ ದಿನ ಬೆಳಿಗ್ಗೆ ಕೂಸನ್ನು ಎತ್ತಿಕೊಂಡಾಗ ಅದು ಇದ್ದಕ್ಕಿದ್ದಂತೆ ತನ್ನ ಎದೆಗೆ ಒಗ್ಗಿಕೊಂಡ ಹಾಗೆ ಅನಿಸಿತಂತೆ. ತೀರ್ಪು ಕೇಳಿ ಅವಳು ಯಾರ ಕಡೆಯೂ ನೋಡದೆ ಎದ್ದು ಹೋದಳು. ಬಾಗಿಲಲ್ಲಿ ನನ್ನನ್ನು ದಾಟುವಾಗ ಮೆಲ್ಲಗೆ ಅಂದಳು: “ನಾ ಬೇಡಿದ್ದಲ್ರಿ ಅಕ್ಕಾರ. ತಾನಽ ಬಂದದ್ದು.”

ಇನ್ನೊಂದು ಬಾಗಿಲಿತ್ತು. ಕೋರ್ಟಿನ ಹಿಂದೆ ಒಂದು ಸಣ್ಣ ಕೋಣೆ, ಕನಿಕರದ ಕೋಣೆ ಅಂತ ಅದಕ್ಕೆ ಹೆಸರು. ತೀರ್ಪು, ಕಾಯಿದೆ ಎರಡೂ ನೆಟ್ಟಗಿದ್ದು ನ್ಯಾಯ ಮಾತ್ರ ಸೊಟ್ಟಗಾದಾಗ ಜನ ಅಲ್ಲಿಗೆ ಹೋಗುತ್ತಿದ್ದರು. ಅಲ್ಲಿಯೂ ಅದೇ ನ್ಯಾಯಾಧೀಶರೇ ಕೂರುತ್ತಿದ್ದರು, ತಲೆಯ ರುಮಾಲು ತೆಗೆದಿಟ್ಟು. ಅಲ್ಲಿ ಅವರು ತೀರ್ಪನ್ನು ಅಳಿಸಲಾರರು, ಆದರೆ ಗೆದ್ದವರ ಮನಸ್ಸಾಕ್ಷಿಯ ಮೇಲೆ ಮಾತು ಹೊರಿಸಿ, ಗೆದ್ದದ್ದನ್ನು ಸೋತವರ ಸಲುವಾಗಿ ಇಟ್ಟುಕೊಂಡಿರು ಎನ್ನಬಹುದಿತ್ತು. ಹಾಗೆ ಅಂದಾಗ ಸೋತವರ ಕೈಕಾಲು ಸಡಿಲಾದದ್ದನ್ನು ನಾನೇ ಎರಡು ಸಲ ಕಂಡಿದ್ದೆ. ಆ ಕೋಣೆಯ ಕಟ್ಟಳೆ ಒಂದೇ. ಕನಿಕರ ಕೇಳಲು ಬರುವವರ ಕೈ ಶುದ್ಧವಿರಬೇಕು. ಆ ಸಂಗತಿಯಲ್ಲಿ ಅವರದೇ ಒಂದು ತಪ್ಪಿದ್ದರೂ ಬಾಗಿಲು ಮುಚ್ಚುತ್ತಿತ್ತು.

ಆ ಕೋಣೆಗೆ ಹೋಗುವ ಹಿಂದಿನ ದಿನ ನಿಂಬೆವ್ವ ದಫ್ತರಕ್ಕೆ ಬಂದು ನನ್ನ ಎದುರು ಕೂತಳು.

“ಅಕ್ಕಾರ, ಒಂದ ಮಾತ ಐತಿ. ಡಾಕ್ಟರ ನನಗ ಮೂರ ವಾರ ಅಂತ ಮೊದ್ಲ ಹೇಳಿದ್ರು. ನಾ ಸಿದ್ಲಿಂಗವ್ವಗ ನಾಕ ದಿನ ಅಂತ ಹೇಳೇನಿ. ಮೂರ ವಾರ ಅಂದಿದ್ರ ಆಕಿ ಒಲ್ಲೆ ಅಂತಿದ್ಲೇನೋ ಅಂತ ಹೆದರಿಕಿ. ಇದನ್ನ ಹೇಳಬೇಕೇನ್ರಿ ನಾಳೆ?”

ನಾನು ಯೋಚನೆ ಮಾಡಲಿಲ್ಲ. ಇಪ್ಪತ್ತಾರು ವರ್ಷ ಕಾಗದದ ನಡುವೆ ಕೂತವಳು ಏನು ಹೇಳುತ್ತಾಳೋ ಅದನ್ನೇ ಹೇಳಿದೆ.

“ಕೇಳಿದ್ರ ಖರೆ ಹೇಳು. ಆ ಕೋಣ್ಯಾಗ ಸುಳ್ಳು ನಡ್ಯೂದಿಲ್ಲ.”

ಸುಳ್ಳು ನಡೆಯುತ್ತಿತ್ತೋ ಇಲ್ಲವೋ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆ ಕೋಣೆಯಲ್ಲಿ ಯಾರಾದರೂ ಸುಳ್ಳು ಹೇಳಿ ಗೆದ್ದಿದ್ದರೆ ಅದು ದಫ್ತರದಲ್ಲಿ ದಾಖಲಾಗುತ್ತಿರಲಿಲ್ಲವಲ್ಲ.

ಮರುದಿನ ಗುರುಪಾದಯ್ಯನವರು ಬರಿತಲೆಯಲ್ಲಿ ಕೂತು ಅವಳ ಕಥೆಯನ್ನು ಪೂರ್ತಿ ಕೇಳಿದರು. ಸಿದ್ಲಿಂಗವ್ವನೂ ಅಲ್ಲೇ ಇದ್ದಳು, ಕೂಸು ಅವಳ ಸರ ಜಗ್ಗುತ್ತಿತ್ತು. ಕೊನೆಗೆ ಅವರು ಕೇಳಬೇಕಾದದ್ದನ್ನು ಕೇಳಿದರು: “ತಾಯಿ, ಈ ವಿಷಯದಾಗ ನಿನ್ನ ಕಡೆಯಿಂದ ಏನರೆ ತಪ್ಪ ನಡದೈತೇನು?” ಅವರ ದನಿಯಲ್ಲಿ, ಇಲ್ಲ ಅನ್ನು ಎಂಬ ಬೇಡಿಕೆ ನನಗೇ ಕೇಳಿಸಿತು. ನಿಂಬೆವ್ವ ನನ್ನ ಕಡೆ ನೋಡಿದಳು. ಆಮೇಲೆ ನಾಲ್ಕು ದಿನದ ಮಾತು ಹೇಳಿಬಿಟ್ಟಳು.

ಗುರುಪಾದಯ್ಯನವರು ಪಕ್ಕದಲ್ಲಿದ್ದ ರುಮಾಲು ಎತ್ತಿ ತಲೆಗಿಟ್ಟುಕೊಂಡರು. ಕನಿಕರದ ಕೋಣೆ ಮುಗಿಯಿತು ಎಂಬುದಕ್ಕೆ ಅಷ್ಟೇ ಗುರುತು.

ಅದಾಗಿ ಎಂಟು ದಿನಕ್ಕೆ ಸಿದ್ಲಿಂಗವ್ವ ನನ್ನನ್ನು ಕರೆಯಲು ಬಂದಳು. ಊಟ ಮಾಡದೆ ಮುಖ ಬಾಡಿತ್ತು. “ಆಕಿ ಗ್ವಾಡಿ ಆಚೆ ಅಳೂದು ಕೇಳಸ್ತೈತ್ರಿ. ಅತ್ರೂ ಸಹಿತ ಬಾಯಿಗೆ ಸೆರಗ ತುರಕೊಂಡ ಅಳ್ತಾಳ, ನನಗ ಕೇಳಬಾರದಂತ. ನನ್ನ ಹೊಟ್ಟಿಗೆ ಅನ್ನ ಇಳೀವಲ್ದು. ತುಂಗಿನ್ನ ಆಕಿಗೆ ಕೊಟ್ಟಬಿಡ್ತೀನ್ರಿ. ಗೆದ್ದದ್ದನ್ನ ತಿರುಗಿ ಕೊಡಬಾರದು ಅಂತ ಏನರೆ ಐತೇನು?”

“ಹಂಗೇನೂ ಇಲ್ಲ” ಅಂದೆ. ಆಡು ಗೆದ್ದವರು ಆಡನ್ನು ತಿರುಗಿ ಕೊಟ್ಟ ಉದಾಹರಣೆಗಳು ಎಷ್ಟೋ ಇದ್ದವು. ಇಷ್ಟು ಸುಲಭದ ದಾರಿ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ನನಗೆ ನಗು ಕೂಡ ಬಂತು. ಚಪ್ಪಲಿ ಮೆಟ್ಟಿಕೊಂಡು ಅವಳ ಹಿಂದೆಯೇ ಹೊರಟೆ.

ನಿಂಬೆವ್ವ ತನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಸಿದ್ಲಿಂಗವ್ವ ಅವಳ ಮುಂದೆ ಹೋಗಿ ನಿಂತು, “ತಗೋ ತಂಗಿ, ನಿನ್ನ ಕೂಸು. ನಾ ಮನಸಾರೆ ಕೊಡ್ತೀನಿ” ಅಂದಳು. ಕೂಸನ್ನು ಮುಂದಕ್ಕೆ ಚಾಚಿದಳು. ನಿಂಬೆವ್ವ ಎದ್ದು ನಿಂತಳು. ಇಬ್ಬರ ನಡುವೆ ಒಂದು ಗೇಣು ಅಂತರ. ನಿಂಬೆವ್ವನ ಕೈಗಳು ಏಳಲಿಲ್ಲ. ಸಿದ್ಲಿಂಗವ್ವ, “ಮಡಿಲಾಗ ಇಡ್ತೀನಿ, ಕುಂದ್ರು” ಅಂದಳು. ನಿಂಬೆವ್ವ ಕೂತು ಸೆರಗನ್ನು ಹರವಿಕೊಂಡಳು. ಸಿದ್ಲಿಂಗವ್ವ ಬಗ್ಗಿದಳು, ಆದರೆ ಕೂಸಿನ ಕಂಕುಳಲ್ಲಿದ್ದ ಅವಳ ಬೆರಳುಗಳು ಬಿಚ್ಚಲಿಲ್ಲ. ಬೆವರು ಇಳಿಯುವ ತನಕ ಪ್ರಯತ್ನಪಟ್ಟಳು. “ಬಿಡ್ಸರಿ ಅಕ್ಕಾರ, ನನ್ನ ಬಳ್ಳ ಬಿಡ್ಸರಿ” ಎಂದು ಅಳುವುದಕ್ಕೇ ಶುರು ಮಾಡಿದಳು. ನಾನು ಅವಳ ಹೆಬ್ಬೆರಳು ಹಿಡಿದು ಎಳೆದೆ. ಕಬ್ಬಿಣದ ಹಾಗಿತ್ತು. ಕೂಸಿಗೆ ನೋವಾಗಿ ಅದೂ ಕಿರುಚಿತು. ನಿಂಬೆವ್ವ ಅಂದಳು: “ಸಾಕ್ರಿ. ಅದಕ ನೋಯಿಸಬ್ಯಾಡ್ರಿ.”

ದಫ್ತರಕ್ಕೆ ಓಡಿ ಬಂದು ಹುಡುಕಿದೆ. ಸಿಕ್ಕದ್ದು ನನ್ನ ತಂದೆ ಅತ್ಯಂತ ಹೆಮ್ಮೆಯಿಂದ ಓದಿ ತೋರಿಸುತ್ತಿದ್ದ ತೀರ್ಪು. ನೂರಾ ಎಪ್ಪತ್ತು ವರ್ಷದ ಹಿಂದೆ ಒಬ್ಬ ದೇಸಾಯಿ ತನ್ನ ಮನೆಯ ಕೆಲಸದ ಹುಡುಗಿಯನ್ನು ಒಬ್ಬ ವ್ಯಾಪಾರಿಗೆ ಉಡುಗೊರೆಯಾಗಿ ಕೊಡಹೋಗಿದ್ದ. ಮೇಲಿನ ಪೀಠ ಅಂದು ಹೇಳಿತು: ಮನುಷ್ಯರು ವಸ್ತುಗಳಲ್ಲ; ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನನ್ನು ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ಆ ಒಂದು ಮಾತಿನಿಂದ ಅಂದು ಊರಿನ ನಲವತ್ತು ಮನೆಗಳಲ್ಲಿ ಜೀತದವರ ಕಾಲು ಸಡಿಲಾಗಿ, ಅವರು ಅಂಗಳ ದಾಟಿ ನಡೆದುಹೋಗಿದ್ದರು.

ಆ ಹಾಳೆಯನ್ನು ಆಡಿನ ತೀರ್ಪಿನ ಪಕ್ಕದಲ್ಲಿಟ್ಟೆ. ಕಳೆದುಕೊಳ್ಳುವಾಗ ತುಂಗಿ ಆಡಾಗಿದ್ದಳು. ತಿರುಗಿ ಕೊಡುವಾಗ ಮನುಷ್ಯಳಾಗಿಬಿಟ್ಟಳು. ಎರಡೂ ಮೇಲಿನ ಪೀಠದ ಮಾತು. ಎರಡರಲ್ಲಿಯೂ ಒಂದಕ್ಷರ ತಪ್ಪಿರಲಿಲ್ಲ.

ಇನ್ನು ಉಳಿದದ್ದು ಸಭೆ. ಊರಿನವರು ಆರಿಸಿದ ಹನ್ನೊಂದು ಮಂದಿ ಕೂತು ಕಾಯಿದೆ ಮಾಡಿದರೆ ಅದರ ಮುಂದೆ ಯಾವ ಪೀಠದ ಮಾತೂ ನಿಲ್ಲುವುದಿಲ್ಲ. ನೆರೆಯವರಲ್ಲಿ ಬಿಟ್ಟ ಜೀವ ಎಷ್ಟು ದಿನ ದಾಟಿದರೂ ಬಿಟ್ಟವರದೇ ಎಂಬ ಕಾಯಿದೆ ಬೇಕೆಂದು ಶೇಷಗಿರಿ ಮನೆಮನೆ ತಿರುಗಿ ಅರ್ಜಿಗೆ ಹೆಬ್ಬೆಟ್ಟು ಹಾಕಿಸಿದ. ಸಿದ್ಲಿಂಗವ್ವನ ಹೆಬ್ಬೆಟ್ಟು ಎಲ್ಲಕ್ಕೂ ಮೊದಲಿತ್ತು. ಆದರೆ ಕಾಯಿದೆಯೊಂದನ್ನು ಸಭೆಯಲ್ಲಿ ಮೂರು ಸಲ ಓದಬೇಕು, ಮೂರು ಸಲವೂ ಕೈ ಎತ್ತಬೇಕು. ಮೊದಲ ಓದಿಗೆ ನಾಲ್ಕು ತಿಂಗಳು ಹಿಡಿಯಿತು. ಎರಡನೆಯದರಲ್ಲಿ ದನದ ವ್ಯಾಪಾರದ ಸದಸ್ಯರೊಬ್ಬರು ಎದ್ದು, ಆಡು ಕುರಿಗಳಿಗೂ ಇದು ಹತ್ತಿದರೆ ಮೇಯಿಸುವವರ ಗತಿಯೇನು ಎಂದು ತಗಾದೆ ತೆಗೆದರು. ಮನುಷ್ಯರ ಮಕ್ಕಳಿಗೆ ಮಾತ್ರ ಎಂದು ತಿದ್ದಿದ್ದಕ್ಕೆ ಮತ್ತೆ ಐದು ತಿಂಗಳು.

ಆ ತಿಂಗಳುಗಳಲ್ಲಿ ನಿಂಬೆವ್ವ ಸಿದ್ಲಿಂಗವ್ವನ ಮನೆಯಲ್ಲೇ ಇದ್ದಳು. ಸಿದ್ಲಿಂಗವ್ವನೇ ಕರೆದುಕೊಂಡಿದ್ದಳು. ತಾಯಿ ಕೂಸಿನ ಎದುರು ಕೂತು ಹಾಡು ಹೇಳಬಹುದಿತ್ತು, ಗಿಲಕಿ ಆಡಿಸಬಹುದಿತ್ತು. ಕೂಸಿನ ಮೈ ಮುಟ್ಟಲು ಹೋದರೆ ಮಾತ್ರ ಕೈ ಜಡವಾಗುತ್ತಿತ್ತು. ತುಂಗಿ ಗೋಡೆ ಹಿಡಿದು ನಿಲ್ಲಲು ಕಲಿತಳು, ಆಮೇಲೆ ನಡೆಯಲು. ಮೊದಮೊದಲು ಬಿದ್ದಾಗ ಇಬ್ಬರಲ್ಲಿ ಯಾರು ಹತ್ತಿರವೋ ಅವರ ಕಡೆ ಎರಡೂ ಕೈ ಎತ್ತಿ ಅಳುತ್ತಿದ್ದಳು. ಒಂದು ದಿನ ನಾನು ಅಲ್ಲಿದ್ದಾಗಲೇ ಹೊಸ್ತಿಲು ಎಡವಿ ನಿಂಬೆವ್ವನ ಕಾಲ ಬುಡಕ್ಕೇ ಬಿದ್ದಳು. ತಲೆ ಎತ್ತಿ ನಿಂಬೆವ್ವನ ಮುಖ ನೋಡಿದಳು. ಆಮೇಲೆ ಎದ್ದು, ಅಳುವನ್ನು ಹಾಗೇ ತಡೆದು ಹಿಡಿದುಕೊಂಡು, ಅಂಗಳ ದಾಟಿ, ಒಳಗೆ ರೊಟ್ಟಿ ಬಡಿಯುತ್ತಿದ್ದ ಸಿದ್ಲಿಂಗವ್ವನ ತನಕ ನಡೆದುಹೋಗಿ, ಅಲ್ಲಿ ಅತ್ತಳು.

ನಿಂಬೆವ್ವ ನನ್ನ ಕಡೆ ತಿರುಗಿ, “ಶ್ಯಾಣ್ಯಾ ಅದಾಳ್ರಿ” ಅಂದಳು.

ಹದಿನಾಲ್ಕನೆಯ ತಿಂಗಳಿಗೆ ಮೂರನೆಯ ಓದು ಮುಗಿದು ಹನ್ನೊಂದು ಕೈಗಳೂ ಮೇಲೆದ್ದವು. ಜನ ಅದಕ್ಕೆ ನಿಂಬೆವ್ವನ ಕಾಯಿದೆ ಎಂದೇ ಹೆಸರಿಟ್ಟಿದ್ದರು. ಸಭೆಯವರೂ ಹಾಗೇ ಬರೆಸಿದರು. ಚೌಕದಲ್ಲಿ ಓದಿ ಹೇಳಿದ ಮೇಲೆ ಅದು ಜಾರಿಗೆ ಬರಬೇಕು. ಡಂಗುರ ಹೊಡೆದರು. ಸುಣ್ಣದ ಗೂಡಿನವರು ಕೆಲಸ ಬಿಟ್ಟು ಬಂದರು. ಗುರುಪಾದಯ್ಯನವರು ಮೊಮ್ಮಕ್ಕಳನ್ನು ಕರೆತಂದಿದ್ದರು. ಶೇಷಗಿರಿ ಪೇಢೆಯ ಬುಟ್ಟಿ ತರಿಸಿ ಇಟ್ಟುಕೊಂಡಿದ್ದ. ನಿಂಬೆವ್ವ ಯಾರದೋ ಹಸಿರು ಸೀರೆ ಉಟ್ಟು, ಕೂದಲಿಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದಳು. ನಾನು ಕಟ್ಟೆ ಹತ್ತಿ ಕಾಯಿದೆ ಓದಿದೆ. ಇಡೀ ಒಂದೂವರೆ ಹಾಳೆ. ಓದಿ ಮುಗಿದ ಕೂಡಲೇ ಸಿದ್ಲಿಂಗವ್ವ ತುಂಗಿಯನ್ನು ನಿಂಬೆವ್ವನ ಎದುರು ನೆಲದ ಮೇಲೆ ನಿಲ್ಲಿಸಿ ಹಿಂದಕ್ಕೆ ಸರಿದಳು.

ನಿಂಬೆವ್ವ ಬಗ್ಗಿದಳು. ಅವಳು ಬಗ್ಗಿಯೇ ಇದ್ದಳು. ಕೈಗಳು ಸೀರೆಯ ಮೇಲೆ ಎರಡು ಹಗ್ಗದ ತುಂಡುಗಳ ಹಾಗೆ ಜೋತಿದ್ದವು. ಮೊದಲ ಸಾಲಿನಲ್ಲಿದ್ದ ಒಬ್ಬ ಮುದುಕಿ ಬಾಯಿ ಮುಚ್ಚಿಕೊಂಡಳು. ತುಂಗಿ ಅಷ್ಟು ಜನರನ್ನು ನೋಡಿ ಹೆದರಿ, “ಅವ್ವಾ” ಎಂದು ಹಿಂದಕ್ಕೆ ತಿರುಗಿ, ಸಿದ್ಲಿಂಗವ್ವನ ಕಾಲು ತಬ್ಬಿಕೊಂಡಳು.

ನಿಂಬೆವ್ವ ನೆಟ್ಟಗಾಗಿ, ಕಟ್ಟೆ ಹತ್ತಿ ನನ್ನ ಹತ್ತಿರ ಬಂದಳು. “ಅಕ್ಕಾರ, ಇನ್ನೊಮ್ಮೆ ಓದ್ರಿ. ಸಾವಕಾಶ ಓದ್ರಿ.”

ಓದಿದೆ. ಎರಡನೆಯ ಸಾಲಿಗೇ ಅವಳು ಕೈ ಅಡ್ಡ ಹಿಡಿದಳು.

“ಅದನ್ನ ಮತ್ತ ಓದ್ರಿ.”

“ಈ ಕಾಯಿದೆಯು ಇಂದಿನಿಂದ ಮುಂದಕ್ಕೆ ನಡೆಯುವ ಸಂಗತಿಗಳಿಗೆ ಅನ್ವಯಿಸತಕ್ಕದ್ದು.”

“ಇಂದಿನಿಂದ ಮುಂದಕ” ಅಂದಳು ಅವಳು. “ನಂದು ಹಿಂದ ಆಗೇತಿ.” ಆಮೇಲೆ ಕೇಳಿದಳು: “ಯಾರ ಹೇಳಿದ್ರು ಇದನ್ನ ಬರೀರಿ ಅಂತ?”

ಯಾರೂ ಹೇಳಿರಲಿಲ್ಲ. ಸಭೆಯವರು ವಿಷಯ ಹೇಳಿ, ಅಕ್ಷರ ದುಂಡಗಿದೆಯೆಂದು ಕರಡು ಬರೆಯುವುದನ್ನು ನನಗೆ ಒಪ್ಪಿಸಿದ್ದರು. ಕಪಾಟಿನಲ್ಲಿದ್ದ ಪ್ರತಿಯೊಂದು ಕಾಯಿದೆಯ ಎರಡನೆಯ ಸಾಲೂ ಅದೇ. ಕಾಗದದ ಮೇಲೆ ಶ್ರೀಕಾರ ಹಾಕುವ ಹಾಗೆ ಅದನ್ನು ಹಾಕಿದ್ದೆ. ಮೂರು ಸಲ ಓದಿದರು, ಹನ್ನೊಂದು ಮಂದಿ ಕೇಳಿದರು, ವಕೀಲ ಕೇಳಿದ, ನ್ಯಾಯಾಧೀಶರು ಕೇಳಿದರು. ರೂಢಿಯ ಮಾತು, ಯಾರ ಕಿವಿಗೂ ತಾಗಲಿಲ್ಲ.

“ನಾನಽ ಬರದದ್ದು” ಅಂದೆ.

ಅವಳು ಬಯ್ಯುತ್ತಾಳೆಂದು ಕಾದೆ. ಬಯ್ಯಲಿಲ್ಲ. ಹಸಿರು ಸೀರೆಯ ನೆರಿಗೆ ಎತ್ತಿ ಹಿಡಿದು ಕಟ್ಟೆ ಇಳಿದು ಹೋದಳು. ಪೇಢೆಯ ಬುಟ್ಟಿಗೆ ಯಾರೂ ಕೈ ಹಾಕಲಿಲ್ಲ.

ಅಂದೇ ನಾನು ಗುರುಪಾದಯ್ಯನವರ ಮನೆಗೆ ಹೋದೆ. ಆ ಸಾಲು ಇಲ್ಲದಿದ್ದರೆ ಕಾಯಿದೆ ಅವಳಿಗೆ ಹತ್ತುತ್ತಿತ್ತೇ ಎಂದು ಕೇಳಿದೆ. ಇಲ್ಲ, ಕಾಯಿದೆ ಯಾವಾಗಲೂ ಮುಂದಕ್ಕೇ ನಡೆಯುವುದು ಎಂದು ಅವರು ಹೇಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಅವರು ನನ್ನ ಮುಖ ನೋಡದೆ ಹೇಳಿದರು: “ಅಲ್ಲಿ ಏನೂ ಬರೀದ ಇದ್ದಿದ್ರ, ಅದರ ಅರ್ಥ ಹೇಳೂದು ನನ್ನ ಪಾಲಿಗೆ ಬರ್ತಿತ್ತವಾ. ನಾ ಹೇಳ್ತಿದ್ದೆ.”

ಸಭೆಯವರಲ್ಲಿಗೂ ಹೋದೆ. ಒಂದು ಸಾಲು ತಿದ್ದಿ ಎಂದು ಕೈಮುಗಿದೆ. ಅವರು ಕೂತು ಮಾತಾಡಿಕೊಂಡು ಬಂದು ಹೇಳಿದರು: ಕಾಯಿದೆಯನ್ನು ಒಂದು ಸಲ ಹಿಂದಕ್ಕೆ ಎಳೆದರೆ, ಇನ್ನೂರು ವರ್ಷದಿಂದ ಹೊಲ ಸೋತವರು, ಮನೆ ಸೋತವರು ಎಲ್ಲ ಎದ್ದು ಬರುತ್ತಾರೆ. ಯಾರ ಕಾಲು ಎಲ್ಲಿ ನಿಲ್ಲುತ್ತದೋ ಯಾರಿಗೆ ಗೊತ್ತು. ಒಬ್ಬಳ ಸಲುವಾಗಿ ಊರನ್ನು ಬಿಚ್ಚಲಾಗುವುದಿಲ್ಲ. ಅವರ ಮಾತಿನಲ್ಲಿಯೂ ತಪ್ಪಿರಲಿಲ್ಲ.

ನಿಂಬೆವ್ವ ಸಿದ್ಲಿಂಗವ್ವನ ಮನೆ ಬಿಟ್ಟು ತನ್ನ ಮನೆಗೆ ಹೋದಳು, ಮತ್ತೆ ಗೂಡಿನ ಕೆಲಸಕ್ಕೆ ಸೇರಿದಳು. ಆ ಎದೆ ಇಟ್ಟುಕೊಂಡು ಬೇಡವೆಂದು ಎಲ್ಲರೂ ಹೇಳಿದರು. ವಾರಕ್ಕೊಂದು ಸಲ ರಜೆಯ ದಿನ ದಫ್ತರಕ್ಕೆ ಬಂದು ನನ್ನೆದುರಿನ ಬೆಂಚಿನ ಮೇಲೆ ಸುಮ್ಮನೆ ಕೂರುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ನಾನು ಚಹಾ ತರಿಸಿದರೆ ಕುಡಿಯುತ್ತಿದ್ದಳು. ಅವಳು ಒಮ್ಮೆಯಾದರೂ ನನ್ನನ್ನು ಬಯ್ಯಲಿ ಎಂದು ನಾನು ಎಷ್ಟು ಹಂಬಲಿಸಿದೆ ಎನ್ನುವುದು ಅವಳಿಗೆ ಗೊತ್ತಿತ್ತೋ ಇಲ್ಲವೋ.

ಹಾಗೆ ಕೂತಿದ್ದ ಒಂದು ದಿನ ಒಬ್ಬ ಹರೆಯದ ಹೆಂಗಸು ಗಂಡುಕೂಸನ್ನು ಎತ್ತಿಕೊಂಡು ನಗುತ್ತ ಮೆಟ್ಟಿಲು ಹತ್ತಿದಳು. ಮುರಿದ ಕಾಲು ಕೂಡಲು ನಲವತ್ತು ದಿನ ದವಾಖಾನೆಯಲ್ಲಿದ್ದಳಂತೆ. ಕೂಸು ನೆರೆಯವರಲ್ಲಿತ್ತು. ಬಂದವಳೇ ಎತ್ತಿಕೊಂಡಳಂತೆ, ಸಲೀಸಾಗಿ. ಯಾವುದೋ ಹೊಸ ಕಾಯಿದೆಯಿಂದ ಹಾಗಾಯಿತೆಂದು ಯಾರೋ ಹೇಳಿದ್ದರು. ಅದರ ಮೇಲಿನ ಹೆಸರನ್ನು ಒಂದು ಸಲ ಕಣ್ಣಿನಿಂದ ನೋಡಿ ಕೈಮುಗಿದು ಹೋಗಬೇಕು ಎಂದಳು. ನಾನು ನಿಂಬೆವ್ವನ ಕಡೆ ನೋಡಿದೆ. ತಾನು ಯಾರೆಂದು ಹೇಳಬೇಡ ಎಂಬಂತೆ ಅವಳು ತಲೆಯಾಡಿಸಿದಳು. ನಾನು ಕಪಾಟು ತೆಗೆದು ಹಾಳೆ ಹೊರಗಿಟ್ಟೆ.

“ಯಕ್ಕಾ, ಒಂಚೂರ ಹಿಡೀರಿ ಇವನ್ನ” ಎಂದು ಆ ಹೆಂಗಸು, ಯಾರು ಏನು ಎಂದು ನೋಡದೆ, ಕೂಸನ್ನು ನಿಂಬೆವ್ವನ ಕಡೆ ಚಾಚಿ, ಹಾಳೆಯ ಮೇಲೆ ಬಗ್ಗಿದಳು.

ನಿಂಬೆವ್ವನ ಕೈಗಳು ತಾವಾಗಿಯೇ ಮೇಲೆದ್ದವು. ಒಂದು ಕೈ ಕುತ್ತಿಗೆಯ ಕೆಳಗೆ ಹೋಯಿತು, ಒಂದು ಕುಂಡಿಯ ಕೆಳಗೆ. ಕೂಸು ಅವಳ ಹೆಗಲಿಗೆ ಗಲ್ಲ ಊರಿ ಕಣ್ಣು ಮುಚ್ಚಿತು. ಆ ಹೆಂಗಸು ಒಂದೊಂದೇ ಅಕ್ಷರ ಕೂಡಿಸಿ ಹೆಸರು ಓದಿದಳು, ಕೈಮುಗಿದಳು, ತಿರುಗಿ ಕೂಸಿಗಾಗಿ ಕೈ ಚಾಚಿದಳು. ನಿಂಬೆವ್ವ ಅದನ್ನು ಎಚ್ಚರಗೊಳ್ಳದ ಹಾಗೆ ಮೆಲ್ಲಗೆ ಬಿಡಿಸಿ ಕೊಟ್ಟಳು.

“ಭಾಳ ಭಾರ ಅದಾನ ತಂಗಿ” ಅಂದಳು. “ಉಣಸಿದವರು ಚಲೋ ಉಣಸ್ಯಾರ.”

ಅವರು ಹೋದ ಮೇಲೆ ಅವಳೂ ಎದ್ದಳು. ಚಹಾ ಬರುವ ಹೊತ್ತಾಯಿತು, ಕುಡಿದು ಹೋಗು ಎಂದೆ. “ಒಲ್ಲೆ ಅಕ್ಕಾರ” ಅಂದಳು. ಅದಾದ ಮೇಲೆ ಅವಳು ದಫ್ತರಕ್ಕೆ ಬರಲಿಲ್ಲ.